ಹಿರಿಯರ ನೆನಪು, ಕಿರಿಯರ ಲೇಖನಿ

ನಾಗರಹೊಳೆಯ ಕಾಡಿನೊಳಗೆ ಐಷಾರಾಮಿ ಹೋಟೆಲೊಂದು ತಲೆಯೆತ್ತಲು ಹೊರಟಾಗ ಆದಿವಾಸಿಗಳು ಪ್ರತಿಭಟಿಸಿದರು. 1997ರಲ್ಲಿ ಹೈಕೋರ್ಟು ಆ ಯೋಜನೆಯನ್ನು ತಡೆಯಿತು. ಮುಂದೆ 2006ರ ಅರಣ್ಯ ಹಕ್ಕು ಕಾಯಿದೆಯು ಹಕ್ಕು ನಿರ್ಣಯದ ಮೊದಲ ಹೆಜ್ಜೆಯನ್ನು ಗ್ರಾಮಸಭೆಯ ಕೈಗೇ ಕೊಟ್ಟಿತು.

ಇದರ ನಿಯಮಗಳಲ್ಲಿ ಯುವಜನರು ಗಮನಿಸಬೇಕಾದ ಅಂಶವೊಂದಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯವೇ. ಹಳೆಯ ಬಾವಿ, ಸಮಾಧಿಸ್ಥಳ, ಪೂಜಾಸ್ಥಳಗಳೂ ಸಾಕ್ಷ್ಯಗಳೇ. ಆದರೆ ಒಂದೇ ಸಾಕ್ಷ್ಯ ಸಾಲದು.

ಹುಣಸೂರು, ಎಚ್.ಡಿ. ಕೋಟೆಯ ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಯಜಮಾನರು ಈ ಗುರುತುಗಳನ್ನು ಬಲ್ಲರು. ಕಚೇರಿಯ ನಮೂನೆಗಳು ಅವರಿಗೆ ಅಪರಿಚಿತ. ಓದಿದ ಮಕ್ಕಳ ಸ್ಥಿತಿ ಇದಕ್ಕೆ ತಿರುವುಮುರುವು. ಆದ್ದರಿಂದ ಇಬ್ಬರೂ ಜೊತೆಯಾಗಿ ನಡೆದು, ನಕ್ಷೆ ಬರೆದು, ಗ್ರಾಮಸಭೆಯ ಮುಂದಿಡಬೇಕು. ಹಿರಿಯರ ಮಾತನ್ನು ತಿದ್ದದೆ ಬರೆಯಬೇಕು. ಓದಿ ಹೇಳಿ ಒಪ್ಪಿಗೆ ಪಡೆಯಬೇಕು.

ಹಕ್ಕಿನೊಡನೆ ಹೊಣೆಯೂ ಬರುತ್ತದೆ. ಕಾಡು, ವನ್ಯಜೀವಿ, ಜಲಮೂಲಗಳನ್ನು ಕಾಯುವ ಅಧಿಕಾರವನ್ನೂ ಇದೇ ಕಾಯಿದೆ ಗ್ರಾಮಸಭೆಗೆ ವಹಿಸಿದೆ. ಕಾಡಿನ ನೆಲೆಯನ್ನು ಕಣ್ಣಾರೆ ಕಂಡ ತಲೆಮಾರು ಮರೆಯಾದ ಮೇಲೆ ಬರೆಯಲು ಕುಳಿತರೆ ಸಾಕ್ಷಿ ನುಡಿಯುವವರಾರು? ಕಾಲೇಜಿನ ಮುಂದಿನ ರಜೆಯನ್ನು ವಿದ್ಯಾರ್ಥಿಗಳು ಈ ಕೆಲಸಕ್ಕೆ ಮೀಸಲಿಡಲಿ.