ಬಾಣಂತಿಯ ಸಿಹಿಯಾಸೆ ಬಾಯಿಚಪಲವಲ್ಲ

ಹಾಲುಣಿಸುವ ತಾಯಿ ಪದೇ ಪದೇ ಸಿಹಿ ಬಯಸಿದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಇಷ್ಟು ಚಪಲ ಒಳ್ಳೆಯದಲ್ಲ" ಎಂದು ಕೆಲವರು ಗದರುತ್ತಾರೆ. "ತಿನ್ನಲಿ ಬಿಡಿ, ಸಿಹಿ ತಿಂದರೆ ಹಾಲು ಹೆಚ್ಚುತ್ತದೆ" ಎಂದು ಇನ್ನು ಕೆಲವರು ಹಲ್ವದ ಡಬ್ಬಿಯನ್ನೇ ಮುಂದಿಡುತ್ತಾರೆ. ಯುನಾನಿ ವೈದ್ಯೆಯಾಗಿ ನಾನು ಹೇಳುವುದೇನೆಂದರೆ, ಎರಡೂ ಸರಿಯಲ್ಲ. ಹೆಚ್ಚಿನ ಬಾಣಂತಿಯರಲ್ಲಿ ಅದು ಹಸಿವು. ಹಸಿವಿಗೆ ಬೇಕಾದದ್ದು ಊಟ.

ಹೆರಿಗೆಯ ನಂತರದ ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಮತ್ತು 17 ಗ್ರಾಂನಷ್ಟು ಪ್ರೊಟೀನು ಹೆಚ್ಚಾಗಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನಾವು ಕೊಡುವುದೇನು? ಎಷ್ಟೋ ಮನೆಗಳಲ್ಲಿ ಅನ್ನ, ಕಾಳುಮೆಣಸಿನ ಸಾರು ಮತ್ತು ಲೇಹ್ಯ. ಸೊಪ್ಪು ಬೇಡ, ಹಣ್ಣು ಶೀತ, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬ ನಿರ್ಬಂಧಗಳು ಬೇರೆ. ಇದರ ಮೇಲೆ ರಾತ್ರಿ ಮೂರು ನಾಲ್ಕು ಬಾರಿ ಎದ್ದು ಹಾಲುಣಿಸಬೇಕು. ನಿದ್ದೆಗೆಟ್ಟ ದೇಹ ಬೇಗ ಶಕ್ತಿ ಕೊಡುವುದನ್ನೇ ಕೇಳುತ್ತದೆ. ಕೈಗೆ ಸಿಗುವುದು ಚಹಾ, ಬಿಸ್ಕತ್ತು. ಅದರಿಂದ ಬಂದ ಚೈತನ್ಯ ಬೇಗನೆ ಇಳಿಯುತ್ತದೆ, ಮತ್ತೆ ಹಸಿವಾಗುತ್ತದೆ.

ಸಿಹಿಯಿಂದ ಹಾಲು ಹೆಚ್ಚುವುದಿಲ್ಲ. ಮಗು ಆಗಾಗ ಚೀಪಿ ಎದೆ ಬರಿದು ಮಾಡಿದಷ್ಟೂ ಹಾಲು ಹೆಚ್ಚುತ್ತದೆ. ತಾಯಿಹಾಲಿನ 100 ಮಿಲಿಲೀಟರ್‌ನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ತಾಯಿ ಲಾಡು ತಿಂದರೂ ಬಿಟ್ಟರೂ ಅದು ಹೆಚ್ಚುಕಡಿಮೆ ಅಷ್ಟೇ.

ಒಮ್ಮೆ ಲೆಕ್ಕ ಹಾಕಿ ನೋಡಿ. ಆಹಾರಕ್ಕೆ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚದ ಒಳಗಿದ್ದರೆ ಉತ್ತಮ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಚಮಚದಂತೆ ಐದು ಲೋಟ ಚಹಾ ಕುಡಿದರೆ ಹತ್ತು ಚಮಚವಾಯಿತು. ಬೆಲ್ಲ, ಜೇನು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಯುನಾನಿಯ ಮಅಜೂನ್‌ಗಳ ಪಾಕವೂ ಸಾಮಾನ್ಯವಾಗಿ ಜೇನು ಅಥವಾ ಸಕ್ಕರೆಯದ್ದೇ. ಔಷಧವೆಂದು ಚಮಚಗಟ್ಟಲೆ ತಿನ್ನುವಂತಿಲ್ಲ.

ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರ ವಿಷಯದಲ್ಲಿ ಇದು ಇನ್ನೂ ಗಂಭೀರ. ಹೆರಿಗೆಯಾದ ಮೇಲೆ ಅದು ಇಳಿಯುವುದು ಸಾಮಾನ್ಯ. ಆದರೆ ಮುಂದೆ ಖಾಯಂ ಮಧುಮೇಹ ಬರುವ ಸಾಧ್ಯತೆ ಇಂಥವರಲ್ಲಿ ಬಹಳ ಹೆಚ್ಚು. ಹೆರಿಗೆಯಾದ 6ರಿಂದ 12 ವಾರದೊಳಗೆ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆ ತಪ್ಪಿಸಬೇಡಿ. ಹಾಲುಣಿಸುವುದನ್ನೂ ನಿಲ್ಲಿಸಬೇಡಿ, ಅದು ತಾಯಿಯ ಮಧುಮೇಹದ ಅಪಾಯವನ್ನು ತಗ್ಗಿಸುತ್ತದೆ. ಇನ್ಸುಲಿನ್ ಅಥವಾ ಮಾತ್ರೆ ಇದ್ದರೆ ವೈದ್ಯರನ್ನು ಕೇಳದೆ ಬಿಡಬೇಡಿ. ಹಾಲುಣಿಸುವವರಿಗೆ ಬಾಯಾರಿಕೆ ಸಹಜ. ಆದರೆ ಅದು ಅತಿಯಾಗಿ, ಪದೇ ಪದೇ ಮೂತ್ರಕ್ಕೆ ಹೋಗುವಂತಾದರೆ ಕೂಡಲೇ ಪರೀಕ್ಷಿಸಿ.

ಯುನಾನಿಯಲ್ಲಿ ಆಹಾರವೇ ಮೊದಲ ಚಿಕಿತ್ಸೆ, ಇಲಾಜ್ ಬಿಲ್ ಗಿಝಾ. ಬೆಳಿಗ್ಗೆ ಮೊಟ್ಟೆ ಅಥವಾ ಬೇಯಿಸಿದ ಹೆಸರುಕಾಳು ಇರಲಿ. ಮಧ್ಯಾಹ್ನ ಅನ್ನದ ಜೊತೆ ಮೀನು, ಮಾಂಸ ಅಥವಾ ಬೇಳೆ, ಒಂದು ಸೊಪ್ಪಿನ ಪಲ್ಯ. ಸಂಜೆ ಹಣ್ಣು, ಹುರಿದ ಕಡಲೆ. ರಾತ್ರಿ ಹಾಸಿಗೆಯ ಪಕ್ಕದಲ್ಲಿ ನೀರು, ಒಂದು ಹಿಡಿ ಶೇಂಗಾ ಅಥವಾ ಬಾದಾಮಿ, ಎರಡು ಖರ್ಜೂರ. ಮೆಂತ್ಯ ಗಂಜಿ ಬಿಡಬೇಕಿಲ್ಲ, ಬೆಲ್ಲ ಅರ್ಧಕ್ಕಿಳಿಸಿ. ಆರೋಗ್ಯಕ್ಕೆ ಅನಿವಾರ್ಯವೆಂದು ನಮ್ಮ ಶಾಸ್ತ್ರ ಹೇಳುವ ಆರು ಸಂಗತಿಗಳಲ್ಲಿ ನಿದ್ರೆಯೂ ಒಂದು. ಅತ್ತೆಯೋ ನಾದಿನಿಯೋ ಹಗಲು ಎರಡು ಗಂಟೆ ಮಗುವನ್ನು ನೋಡಿಕೊಂಡರೆ ಬಾಣಂತಿ ಮಲಗಿಯಾಳು.

ಕೊನೆಯ ಮಾತು ಗಂಡಂದಿರಿಗೆ. ಹಾಲುಣಿಸುವ ಎರಡು ವರ್ಷಗಳ ಬಗ್ಗೆ ಹೇಳುವ ಅಲ್ ಬಕರ ಅಧ್ಯಾಯದ 233ನೇ ಸೂಕ್ತವು ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ಮಗುವಿನ ತಂದೆಗೆ ವಹಿಸಿದೆ. ಆಕೆಯ ತಟ್ಟೆಯಲ್ಲಿ ಏನಿದೆ ಎಂದು ನೋಡುವ ಕೆಲಸವನ್ನು ಮನೆಯ ಹೆಂಗಸರಿಗೆ ಬಿಟ್ಟು ನೀವು ದೂರ ನಿಲ್ಲುವಂತಿಲ್ಲ. ಇವತ್ತು ಪೇಟೆಯಿಂದ ಬರುವಾಗ ಮಿಠಾಯಿ ಪೊಟ್ಟಣದ ಬದಲು ಮೊಟ್ಟೆ, ಮೀನು, ಸೊಪ್ಪು, ಹಣ್ಣು ತನ್ನಿ. ಹೊಟ್ಟೆ ತುಂಬಿದ ತಾಯಿಗೆ ಹಲ್ವದ ಒಂದು ತುಂಡು ಸಾಕಾಗುತ್ತದೆ.