ದೀಪದ ಮೇಲಿನ ಫಿಲ್ಮ್ ಮತ್ತು ವಿಮೆ

ಕಾರಿನ ದೀಪಗಳಿಗೆ ಅಂದಕ್ಕಾಗಿ ಹೊಗೆಬಣ್ಣದ ಫಿಲ್ಮ್ ಅಂಟಿಸುವ ರೂಢಿಯನ್ನು ನಮ್ಮ ಯುವಕರಲ್ಲಿ ಕಾಣುತ್ತಿದ್ದೇವೆ. ವಿಮಾ ಕಂಪನಿಗೆ ತಿಳಿಸಿದರೆ ಸಾಕೆಂಬ ಗ್ರಹಿಕೆಯೂ ಅದರ ಜೊತೆಗಿದೆ. ಇದು ಅರ್ಧಸತ್ಯ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮದಂತೆ ಕಾರಿನ ಹಿಂಬದಿಯ ಕೆಂಪು ದೀಪ ರಾತ್ರಿಯಲ್ಲಿ 155 ಮೀಟರ್ ದೂರಕ್ಕೆ ಕಾಣಬೇಕು. ಗಾಢವಾದ ಫಿಲ್ಮ್ ಆ ಬೆಳಕನ್ನೇ ನುಂಗುತ್ತದೆ. ಮಳೆ, ಮಂಜಿನ ಹೊತ್ತಿನಲ್ಲಿ ಮುಂದಿನ ಕಾರು ಬ್ರೇಕ್ ಹಾಕಿದ್ದು ಹಿಂದೆ ಬರುವ ಬೈಕ್ ಸವಾರನಿಗೆ ತಡವಾಗಿ ತಿಳಿಯುತ್ತದೆ. ಆ ಕ್ಷಣಕ್ಕೆ ಪ್ರಾಣದ ಬೆಲೆಯಿದೆ. ವಿಮಾ ಕಂಪನಿಗೆ ಬರೆದ ಪತ್ರದಿಂದ ಬೆಳಕು ಹೆಚ್ಚದು, ಕಾನೂನೂ ಸಡಿಲಗೊಳ್ಳದು.

ಹಾಗೆಂದು ಮುಚ್ಚಿಡುವುದೂ ಸಲ್ಲದು. ವಿಮೆಯು ಪರಸ್ಪರ ವಿಶ್ವಾಸದ ಮೇಲೆ ನಿಂತ ಒಪ್ಪಂದ. ತಿಳಿಸದ ಮಾರ್ಪಾಡು ಅಪಘಾತದ ಬಳಿಕ ಸರ್ವೇಯರ್ ಕಣ್ಣಿಗೆ ಬಿದ್ದರೆ, ಸ್ವಂತ ವಾಹನದ ಹಾನಿಗೆ ಸಿಗಬೇಕಾದ ಪರಿಹಾರವೇ ವಿವಾದಕ್ಕೆ ಸಿಲುಕಬಹುದು. ಕಂತು ಕಟ್ಟಿಯೂ ರಿಪೇರಿಯ ಭಾರ ಮನೆಯವರ ಹೆಗಲಿಗೇ ಬಿದ್ದೀತು.

ಗೀರು ತಡೆಯುವ ಪಾರದರ್ಶಕ ಫಿಲ್ಮಿನ ಮಾತು ಬೇರೆ. ಅದನ್ನು ಅಂಟಿಸುವವರು ಕಂಪನಿಗೆ ಲಿಖಿತವಾಗಿ ತಿಳಿಸಿ, ಬಂದ ಉತ್ತರವನ್ನು ಪಾಲಿಸಿಯೊಡನೆ ಕಾಪಿಡಲಿ. ಹೊಗೆಬಣ್ಣದ್ದನ್ನು ಅಂಟಿಸಿದವರು ಪತ್ರ ಬರೆಯುವ ಮೊದಲೇ ಅದನ್ನು ಕಿತ್ತುಹಾಕಲಿ.