ಎಣಿಕೆ ನಡೆಯಬೇಕಾದದ್ದು ಎಲ್ಲಿ?

ಬಹುಮತ ಕೈಜಾರುತ್ತಿರುವಾಗ ಸರ್ಕಾರದ ನಾಯಕನಿಗೆ ಉಳಿಯುವ ಬಲವಾದರೂ ಯಾವುದು? 2019ರ ಜುಲೈ ತಿಂಗಳ ಬಿಕ್ಕಟ್ಟು ಕನ್ನಡಿಗರ ಮುಂದಿಟ್ಟ ಪ್ರಶ್ನೆ ಇದು.

37 ಶಾಸಕರ ಪಕ್ಷದ ನಾಯಕ ಎಚ್.ಡಿ. ಕುಮಾರಸ್ವಾಮಿಯವರು 2018ರ ಮೇ 23ರಂದು ಮುಖ್ಯಮಂತ್ರಿಯಾದದ್ದು ಕಾಂಗ್ರೆಸ್ ಬೆಂಬಲದಿಂದ. ಅವರ ಕುರ್ಚಿಯ ಕಾಲು ಅಂದಿನಿಂದಲೇ ಬೇರೆಯವರ ಕೈಯಲ್ಲಿತ್ತು. ಮರುವರ್ಷ ಎರಡೂ ಪಕ್ಷಗಳ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟು ಹೆಚ್ಚಿನವರು ಮುಂಬೈ ಸೇರಿದರು. ಯಶವಂತಪುರ ಕ್ಷೇತ್ರದ ಎಸ್.ಟಿ. ಸೋಮಶೇಖರ್ ಅವರಲ್ಲೊಬ್ಬರು. ಉಳಿದವರನ್ನು ಕಾಯುವ ಕೆಲಸ ಶುರುವಾಯಿತು. ಬಿಜೆಪಿ ಶಾಸಕರು ಯಲಹಂಕದ ಕಡೆ, ಕಾಂಗ್ರೆಸ್ಸಿನವರು ಯಶವಂತಪುರದಲ್ಲಿ, ಜೆಡಿಎಸ್‌ನವರು ದೇವನಹಳ್ಳಿ ಬಳಿ ಹೋಟೆಲು, ರೆಸಾರ್ಟುಗಳಲ್ಲಿ ತಂಗಿದರು. ಸದನಕ್ಕೆ ಮೊದಲೇ ಎಣಿಕೆ ಅಲ್ಲಿ ನಡೆಯುತ್ತಿತ್ತು.

ಇದೇ ರಾಜ್ಯದ ಎಸ್.ಆರ್. ಬೊಮ್ಮಾಯಿಯವರು 1989ರಲ್ಲಿ ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಅವಕಾಶ ಸಿಗದೆ ಸರ್ಕಾರ ಕಳೆದುಕೊಂಡರು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಅವಕಾಶ ಕುಮಾರಸ್ವಾಮಿಯವರಿಗೆ ದೊರೆಯಿತು. ಜುಲೈ 18ರಂದು ವಿಶ್ವಾಸಮತ ಕೋರಿದರು. ರಾಜ್ಯಪಾಲರು ಗಡುವು ಕೊಟ್ಟರೂ ಚರ್ಚೆ ಮುಂದುವರಿದು, 23ರಂದು ಮತಕ್ಕೆ ಹಾಕಿದಾಗ ಪರ 99, ವಿರುದ್ಧ 105.

ಈ ವಿಳಂಬವನ್ನು ಕುರ್ಚಿಯ ಮೋಹವೆಂದು ಕರೆದವರಿದ್ದಾರೆ. ಎಳೆದಾಟದಿಂದ ಹೋದವರು ಮರಳಲಿಲ್ಲವೆಂಬುದು ನಿಜ. ಮುಖ್ಯಮಂತ್ರಿಯ ಮಾತಿನ ತೂಕವೂ ದಿನದಿಂದ ದಿನಕ್ಕೆ ಇಳಿಯಿತು. ಆದರೂ ಅವರು ಸದನದಲ್ಲಿ ನಿಂತು ಸೋತರು ಎಂಬುದನ್ನು ನಾವು ಗೌರವದಿಂದಲೇ ಕಾಣುತ್ತೇವೆ. ಏಕೆಂದರೆ ಯಾರು ಎತ್ತ ನಿಂತರು, ಯಾರು ಬರಲಿಲ್ಲ ಎಂಬುದು ಅದರಿಂದ ಎಲ್ಲರಿಗೂ ತಿಳಿಯಿತು. ಆ ದಿನ ಫಲಿತಾಂಶವನ್ನು ತೀರ್ಮಾನಿಸಿದ್ದು ಮಾತಾಡಿದವರಲ್ಲ, ಗೈರುಹಾಜರಾದವರು.

ಮುಂದೆ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಲು ಮಾತ್ರ ಅನುಮತಿಸಿತು. ಡಿಸೆಂಬರಿನ ಉಪಚುನಾವಣೆಯ 15 ಸ್ಥಾನಗಳಲ್ಲಿ ಬಿಜೆಪಿ 12 ಗೆದ್ದಿತು. ಸೋಮಶೇಖರ್ ಅವರೂ ಹೊಸ ಪಕ್ಷದಿಂದ ಯಶವಂತಪುರದಲ್ಲಿ ಮತ್ತೆ ಆರಿಸಿಬಂದರು.

ಹಾಗಾದರೆ ದೂರುವುದು ಯಾರನ್ನು? ಪಕ್ಷ ಬಿಟ್ಟವರನ್ನು ನಾವು ಮನೆಯಲ್ಲಿ ಬೈಯುತ್ತೇವೆ, ಮತಗಟ್ಟೆಯಲ್ಲಿ ಕ್ಷಮಿಸುತ್ತೇವೆ. ಹೀಗಿರುವ ತನಕ ಯಾವ ಪಕ್ಷದ ನಾಯಕನೂ ತನ್ನ ಬಲವನ್ನು ಜನರ ನಡುವೆ ಹುಡುಕುವ ಬದಲು ಹೋಟೆಲಿನ ಕೋಣೆಗಳಲ್ಲೇ ಎಣಿಸುತ್ತಾನೆ. ಮುಂದಿನ ಬಾರಿ ಮತ ಕೇಳಲು ಬಂದವರನ್ನು, ಗೆದ್ದ ಮೇಲೆ ಐದು ವರ್ಷ ಎಲ್ಲಿರುತ್ತೀರಿ ಎಂದು ಕೇಳುವ ಹಕ್ಕು ನಮಗಿದೆ. ಕೇಳೋಣ.